ತಂಪು ವಾಕ್ಯ

ಮಗು ಸಿನಿಮಾ ನೋಡುವುದು ಹಳೆಯ ಸಂಗತಿ. ಸಿನಿಮಾವೇ ಮಗುವನ್ನು ನೋಡುವಂತಾದರೆ?

ಹಾಗಾಗಿ ಆಗಲೇ ಹನ್ನೊಂದು ವರ್ಷ ಕಳೆದಿತ್ತು. ಈಗ ಯಾರೂ ಅದನ್ನು ಸೋಜಿಗವೆಂದು ಎಣಿಸುತ್ತಿರಲಿಲ್ಲ. ಮಗು ಕನ್ನಡಕ ಹಾಕಿಕೊಳ್ಳುತ್ತದೆ, ಮಣಿಕಟ್ಟಿಗೆ ಒಂದು ಪಟ್ಟಿ ಸುತ್ತಿಕೊಳ್ಳುತ್ತದೆ. ಪಟ್ಟಿಯು ಎದೆಬಡಿತ, ಉಸಿರು, ಬೆವರು ಮೂರನ್ನೂ ಅಳೆದು ಯಂತ್ರಕ್ಕೆ ತಿಳಿಸುತ್ತದೆ. ಯಂತ್ರ ಆ ಕ್ಷಣಕ್ಕೆ ಬೇಕಾದ ಚಿತ್ರವನ್ನು ಆ ಕ್ಷಣದಲ್ಲೇ ಬರೆಯುತ್ತದೆ. ಹೆದರಿದ ಮಗುವಿಗೆ ಹುಲಿ ಚಿಕ್ಕದಾಗುತ್ತದೆ, ಆಕಳಿಸುವ ಮಗುವಿಗೆ ದೊಡ್ಡದಾಗುತ್ತದೆ. ಜನ ಇದನ್ನು ಬದಲುಚಿತ್ರ ಎಂದು ಕರೆಯುತ್ತಿದ್ದರು. ನೂರು ಮಕ್ಕಳು ಒಂದೇ ಕೋಣೆಯಲ್ಲಿ ನೂರು ಸಿನಿಮಾ ನೋಡಿ, ಹೊರಗೆ ಬಂದ ಮೇಲೆ ಹುಲಿ ಎಷ್ಟು ದೊಡ್ಡದಿತ್ತೆಂದು ಜಗಳವಾಡುತ್ತಿದ್ದರು.

ತೊಡಕು ಇದ್ದದ್ದು ಸಾವಿನಲ್ಲಿ. ಮಕ್ಕಳ ಕಥೆಯಲ್ಲಿ ಯಾರಾದರೂ ಸಾಯಲೇಬೇಕು, ಇಲ್ಲದಿದ್ದರೆ ಕಥೆ ಕದಲುವುದಿಲ್ಲ. ಮುದಿ ಆಮೆಯೋ, ಅಜ್ಜಿ ಆನೆಯೋ ಕಣ್ಣು ಮುಚ್ಚಿದ ಕೂಡಲೇ ಮಕ್ಕಳ ಎದೆಬಡಿತ ತೋರಿಸುವ ಪರದೆಯ ಮೇಲಿನ ಗೆರೆಗಳು ಕೆಂಪಿಗೆ ಏರುತ್ತಿದ್ದವು. ಮಕ್ಕಳು ವಾರಗಟ್ಟಲೆ ಊಟ ಬಿಟ್ಟರೆಂದು ತಾಯಿತಂದೆಯರು ಗದ್ದಲವೆಬ್ಬಿಸಿದರು. ಕೊನೆಗೆ ನಿಯಮ ಬಂತು. ಯಾವ ಮಗುವಿನ ಗೆರೆಯೂ ನಲವತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಕೆಂಪಿನಲ್ಲಿ ನಿಲ್ಲಕೂಡದು. ನಲವತ್ತು ಮುಟ್ಟಿದರೆ ಸಿನಿಮಾ ಹಿಂದೆ ಸರಿದು ಒಂದು ತಂಪು ವಾಕ್ಯ ಹೇಳಬೇಕು.

ಹುಬ್ಬಳ್ಳಿಯ ನವಿಲುಗರಿ ಚಿತ್ರಶಾಲೆಯಲ್ಲಿ ಆ ವಾಕ್ಯ ಬರೆದವಳು ದಾಕ್ಷಾಯಣಿ. "ಅವರು ದೂರದ ಬೆಟ್ಟಕ್ಕೆ ಬೆಳಕಾಗಿ ಹೋದರು." ಐದೇ ಪದ. ಅದನ್ನು ಕೇಳಿದ ಎಂಟು ಸೆಕೆಂಡಿನಲ್ಲಿ ಗೆರೆ ಇಳಿಯುತ್ತಿತ್ತು. ಇಪ್ಪತ್ತಮೂರು ಚಿತ್ರಗಳಲ್ಲಿ ಇಪ್ಪತ್ತಮೂರು ಪ್ರಾಣಿಗಳು ಹಾಗೆ ಬೆಳಕಾಗಿ ಹೋಗಿದ್ದವು. ಜನ ಮೆಚ್ಚಿದ ಪ್ರಾಣಿಗಳು ಎರಡನೇ ಭಾಗದಲ್ಲಿ ಬೆಟ್ಟ ಇಳಿದು ವಾಪಸು ಬಂದಿದ್ದವು. ಸತ್ತಿದ್ದರೆ ಬರುವುದು ಕಷ್ಟ, ಬೆಟ್ಟಕ್ಕೆ ಹೋಗಿದ್ದರೆ ಏನು ಕಷ್ಟ? ಚಿತ್ರಶಾಲೆಯವರು ಅವಳನ್ನು ತಂಪಕ್ಕ ಎಂದು ಕರೆಯುತ್ತಿದ್ದರು. ಯಾವ ಚಿತ್ರವಾದರೂ ಅವಳ ಸಹಿ ಬೀಳದೆ ಹೊರಗೆ ಹೋಗುವಂತಿರಲಿಲ್ಲ. ಹತ್ತು ವರ್ಷ ಆ ಕುರ್ಚಿಯಲ್ಲಿ ಕುಳಿತು ಅವಳಿಗೆ ಒಂದು ಗತ್ತು ಬಂದುಬಿಟ್ಟಿತ್ತು.

ಆ ಗತ್ತಿಗೆ ಮೊದಲ ಪೆಟ್ಟು ಕೊಟ್ಟದ್ದು ಒಂದು ಕತ್ತೆ.

ಕತ್ತೆಯನ್ನು ಬರೆದವಳು ಫರ್ಹಾನಾ. ಇಪ್ಪತ್ತಾರು ವರ್ಷ, ಬಂದು ಒಂದೂವರೆ ವರ್ಷ, ಬಾಯಿಗೆ ಬಾಗಿಲಿಲ್ಲ. ಅವಳ ಕಥೆ ಇಷ್ಟೆ. ಊರೂರು ತಿರುಗಿ ಸುಣ್ಣ ಮಾರುವ ಒಬ್ಬ ಮುದುಕ, ಸುಣ್ಣದ ಚೀಲ ಹೊರುವ ಬೂದ್ಯಾ ಎಂಬ ಕತ್ತೆ. ಅರ್ಧ ದಾರಿಯಲ್ಲಿ ಮುದುಕ ಸಾಯುತ್ತಾನೆ.

"ಅಕ್ಕಾರ, ನನ್ನ ಬೂದ್ಯಾಗ ನಿಮ್ಮ ವಾಕ್ಯ ಬ್ಯಾಡ್ರೀ," ಎಂದಳು ಮೊದಲ ಸಭೆಯಲ್ಲೇ.

ಚಿತ್ರಶಾಲೆಯ ಯಜಮಾನ ಹೊಂಬಾಳಿಯವರು ಕನ್ನಡಕದ ಮೇಲಿಂದ ನೋಡಿದರು. "ಮತ್ತ ಮುದುಕ ಸತ್ತಾಗ ಏನಂತೈತಿ ನಿನ್ನ ಕತ್ತೆ?"

"ಸತ್ತ ಅಂತೈತ್ರೀ ಸರ್."

"ಮುಂದ?"

"ಮುಂದ ಕುಂದರ್ತೈತಿ. ಹತ್ತು ನಿಮಿಷ ಸಿನಿಮಾ ನಿಲ್ತೈತಿ. ಅಷ್ಟೊತ್ತಿನಾಗ ಹುಡುಗ್ರು ಏನು ಬೇಕಾದ್ರೂ ಕೇಳಬಹುದು. ಬೂದ್ಯಾ ಉತ್ತರ ಹೇಳ್ತೈತಿ. ಅದಕ್ಕ ನಾ ಮೂರ ಮಾತು ಕಲಿಸೀನಿ. ಸುಳ್ಳು ಹೇಳಬಾರದು, ಗೊತ್ತಿಲ್ಲಂದ್ರ ಗೊತ್ತಿಲ್ಲ ಅನಬೇಕು, ಅವಸರ ಮಾಡಬಾರದು."

"ಹುಡುಗ್ರು ಹೆದರಿ ಉಚ್ಚೀ ಹೊಯ್ಕೋತಾವ," ಎಂದಳು ದಾಕ್ಷಾಯಣಿ.

"ಹೊಯ್ಕೊಂಡ್ರ ಒರಸೂಣ್ರಿ ಅಕ್ಕಾರ."

ಹೊಂಬಾಳಿಯವರು ಮೇಜು ಕುಟ್ಟಿ ನಕ್ಕರು. ಅವರು ದಾಕ್ಷಾಯಣಿಯ ಮಾತಿಗೆ ಹಾಗೆ ನಕ್ಕು ಎಷ್ಟು ವರ್ಷವಾಯಿತೆಂದು ಅವಳು ಅಲ್ಲೇ ಕೂತು ಲೆಕ್ಕ ಹಾಕಿದಳು. ನಗಿಸಿದ್ದೇ ಇಲ್ಲವೆಂದು ತೋರಿತು. ಅವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ ತನ್ನ ಸಿಟ್ಟನ್ನು ಪಾಲು ಹಾಕಿದಳು. ಹುಡುಗಿಯ ಮೇಲೆ ಇಷ್ಟು, ಅವಳ ಕತ್ತೆಯ ಮೇಲೆ ಅಷ್ಟು.

ಅವಳಿಗೆ ಸತ್ತವರ ವಿಷಯ ಗೊತ್ತಿಲ್ಲವೆಂದಲ್ಲ. ಎರಡು ವರ್ಷದ ಹಿಂದೆ ಅವಳ ಗಂಡ ಪ್ರಭು ತೀರಿಕೊಂಡಿದ್ದ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವನು. ಜ್ವರವೆಂದು ಸೋಮವಾರ ಮಲಗಿದ, ಜ್ವರ ಮೆದುಳಿಗೆ ಏರಿತು, ಗುರುವಾರ ಮಧ್ಯಾಹ್ನ ಮುಗಿಯಿತು. ಮಗಳು ಇಂಚರಾಗೆ ಆಗ ಆರು ವರ್ಷ. ಜ್ವರ ಏರಿದ ದಿನವೇ ಅವಳನ್ನು ಬೈಲಹೊಂಗಲದ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಮಣ್ಣು ಕೊಟ್ಟು, ಮನೆ ತೊಳೆದು, ನೆಂಟರಿಷ್ಟರು ಹೋದ ಮೇಲೆ ಕರೆದುಕೊಂಡು ಬಂದರು. ಹುಡುಗಿ ಹೊಸ್ತಿಲಲ್ಲಿ ನಿಂತು, "ಅಪ್ಪ ಎಲ್ಲಿ?" ಎಂದಳು.

ಆ ಹೊತ್ತಿಗೆ ದಾಕ್ಷಾಯಣಿಯ ತಲೆಯಲ್ಲಿ ಒಂದು ಮಾತೂ ಇರಲಿಲ್ಲ. ಬಾಯಲ್ಲಿ ಮಾತ್ರ ಒಂದು ಇತ್ತು. ಎಂಟು ವರ್ಷದಿಂದ ಇತ್ತು.

"ದೂರದ ಬೆಟ್ಟಕ್ಕೆ ಬೆಳಕಾಗಿ ಹೋದ."

ಇಂಚರಾ ಅಳಲಿಲ್ಲ. ಚಪ್ಪಲಿ ಬಿಚ್ಚಿ ಬದಿಗಿಟ್ಟಳು. "ಹೌದಾ? ಹಂಗಾರ ಎರಡನೇ ಭಾಗದಾಗ ಬರ್ತಾನ," ಎಂದು ಒಳಗೆ ಹೋದಳು.

ಬಡಗಿಯಾಗಲಿ, ನರ್ಸಾಗಲಿ, ಕಾಯಿಪಲ್ಲೆ ಮಾರುವವಳಾಗಲಿ ಈ ತಪ್ಪು ಮಾಡುತ್ತಿರಲಿಲ್ಲ. ಅವರ ಬಾಯಲ್ಲಿ ಸಿದ್ಧ ವಾಕ್ಯ ಇರುವುದಿಲ್ಲ. ಏನೋ ತೊದಲುತ್ತಾರೆ, ಅಳುತ್ತಾರೆ, ಮಗುವಿಗೆ ತಿಳಿಯುತ್ತದೆ. ದಾಕ್ಷಾಯಣಿ ತೊದಲಲಿಲ್ಲ. ಆಮೇಲೆ ತಿದ್ದುವ ಧೈರ್ಯವೂ ಬರಲಿಲ್ಲ. ನಾಳೆ ಹೇಳೋಣ, ಪರೀಕ್ಷೆ ಮುಗಿಯಲಿ, ದೀಪಾವಳಿ ಮುಗಿಯಲಿ ಎನ್ನುತ್ತ ಎರಡು ವರ್ಷ ಹೋದವು. ಒಂದು ದಿನ ಮಗಳಿಗೆ ತಾನಾಗಿಯೇ ತಿಳಿಯುತ್ತದೆ, ಅಂದು ಅವಳು ಓಡಿ ಬಂದು ತನ್ನ ತೊಡೆಗೆ ಮುಖವಿಟ್ಟು ಅಳುತ್ತಾಳೆ, ಆಗ ಬೆನ್ನು ಸವರಿದರಾಯಿತು. ಹೀಗೆಂದು ಅವಳು ತನ್ನೊಳಗೆ ಒಂದು ಒಪ್ಪಂದ ಮಾಡಿಕೊಂಡಿದ್ದಳು. ಆ ಅಳು ತನ್ನದು. ಗಂಡನಿಂದ ಬಂದದ್ದರಲ್ಲಿ ಇನ್ನೂ ಕೈಗೆ ಸಿಗದೆ ಉಳಿದದ್ದು ಅದೊಂದೇ.

ಕತ್ತೆಯ ಪರೀಕ್ಷೆಗೆ ಹನ್ನೆರಡು ಮಕ್ಕಳು ಬೇಕಿತ್ತು. ಅಂದು ಬೆಳಿಗ್ಗೆ ಒಬ್ಬನಿಗೆ ಗಂಟಲುಬಾವು ಬಂತು.

"ಅಕ್ಕಾರ, ನಿಮ್ಮ ಇಂಚರಾನ್ನ ಕೂಡಸ್ಲೇನು? ಹೆಂಗೂ ಶಾಲಿ ಸೂಟಿ ಐತಿ," ಎಂದಳು ಫರ್ಹಾನಾ.

ಸಿಬ್ಬಂದಿಯ ಮಕ್ಕಳನ್ನು ಕೂಡಿಸುವುದು ರೂಢಿಯಲ್ಲಿತ್ತು. ಅದಕ್ಕೊಂದು ಕಟ್ಟಳೆಯೂ ಇತ್ತು. ತನ್ನ ಮಗು ಕುಳಿತ ಕುರ್ಚಿಯ ಪರದೆಯನ್ನು ತಾಯಿತಂದೆ ನೋಡಕೂಡದು. ಬೇಕಿದ್ದರೆ ಆ ಕುರ್ಚಿಯನ್ನು ಲೆಕ್ಕದಿಂದ ಬಿಡಬಹುದು. ದಾಕ್ಷಾಯಣಿ ಒಪ್ಪಿದಳು. ಒಪ್ಪುವಾಗ ಮನಸ್ಸಿನಲ್ಲಿ ಒಳ್ಳೆಯದೇನೂ ಇರಲಿಲ್ಲ. ತನ್ನ ಮಗಳು ಗಟ್ಟಿಗಿತ್ತಿ, ಕತ್ತೆಯ ಹರಟೆಗೆ ಆಕಳಿಸುತ್ತಾಳೆ, ಹೊಂಬಾಳಿಯವರು ಆ ನೆಟ್ಟನೆಯ ಗೆರೆಯನ್ನು ನೋಡಲಿ ಎಂದುಕೊಂಡಿದ್ದಳು.

ನಿಯಂತ್ರಣ ಕೋಣೆಯಲ್ಲಿ ಅವಳೊಬ್ಬಳೇ. ಫರ್ಹಾನಾ ಗೆರೆಗಳನ್ನು ನೋಡಲಾರದೆ ಮಕ್ಕಳ ನಡುವೆ ನೆಲದ ಮೇಲೆ ಕುಳಿತಿದ್ದಳು. ಗಾಜಿನಾಚೆ ಹನ್ನೆರಡು ಕುರ್ಚಿ, ಈಚೆ ಹನ್ನೆರಡು ಪರದೆ. ಒಂಬತ್ತನೆಯದು ಇಂಚರಾಳದು, ಅದನ್ನು ಬಂದ್ ಮಾಡಬೇಕಿತ್ತು. ದಾಕ್ಷಾಯಣಿ ಬೆರಳನ್ನು ಗುಂಡಿಯವರೆಗೆ ಒಯ್ದಳು. ಒತ್ತಲಿಲ್ಲ. ಕಿವಿಗೆ ಆ ಕುರ್ಚಿಯ ಧ್ವನಿಯನ್ನೇ ಹಾಕಿಕೊಂಡಳು.

ಮುದುಕ ಒಂದು ಜಾಲಿಮರದ ಕೆಳಗೆ ಕುಳಿತ. ನೀರು ಕುಡಿದ. ಒರಗಿದ. ಕತ್ತೆ ಎರಡು ಸಲ ಮೂಗಿನಿಂದ ತಳ್ಳಿ ನೋಡಿತು. ಆಮೇಲೆ ಕಾಲು ಮಡಚಿ ಕುಳಿತು, ನೋಡುವ ಮಗುವಿನ ಕಡೆ ತಿರುಗಿತು.

"ಅಜ್ಜ ಸತ್ತ," ಎಂದಿತು ಬೂದ್ಯಾ.

ಇಂಚರಾ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. "ಮತ್ತ ಯಾವಾಗ ಬರ್ತಾನ?"

"ಬರಂಗಿಲ್ಲ."

"ಎರಡನೇ ಭಾಗದಾಗ?"

"ನನ್ನ ಕಥಿಗೆ ಎರಡನೇ ಭಾಗ ಇಲ್ಲ. ಸತ್ತವ್ರು ಬರಂಗಿಲ್ಲ."

"ಸತ್ರ ಏನಾಕ್ಕೈತಿ?"

"ಉಸಿರು ನಿಲ್ತೈತಿ. ಹಸಿವು ಆಗಂಗಿಲ್ಲ. ಕರದ್ರ ಕೇಳಂಗಿಲ್ಲ. ನಾ ಇವನ್ನ ಎರಡು ಸಲ ಮೂಗಿಲೆ ನೂಕಿದೆ. ನೀನೂ ನೋಡಿದಿ."

"ನಮ್ಮಪ್ಪ ಬೆಟ್ಟಕ್ಕ ಹೋಗ್ಯಾನ. ಬೆಳಕಾಗಿ."

ಕತ್ತೆ ಅವಸರ ಮಾಡಲಿಲ್ಲ. ಬಾಲದಿಂದ ಒಂದು ನೊಣ ಓಡಿಸಿತು. "ಹೋಗಿ ಎಷ್ಟು ದಿನ ಆತು?"

"ನಾ ಒಂದನೇ ಕ್ಲಾಸಿನಾಗ ಇದ್ದೆ. ಈಗ ಮೂರನೇದು."

"ಫೋನ್ ಮಾಡ್ಯಾನೇನು?"

"ಇಲ್ಲ."

"ನಿಮ್ಮಪ್ಪ ನನಗ ಗೊತ್ತಿಲ್ಲ," ಎಂದಿತು ಕತ್ತೆ. "ಆದ್ರ ನೀ ಹೇಳೋದು ಕೇಳಿದ್ರ, ಸತ್ತಿರಬೇಕು ಅನಸ್ತೈತಿ."

"ನನಗೂ ಹಂಗ ಅನಸ್ತಿತ್ತು," ಎಂದಳು ಇಂಚರಾ. ಅನಂತರ ಅತ್ತಳು.

ಗೆರೆ ಒಂದೇ ಏಟಿಗೆ ಕೆಂಪಿಗೆ ಏರಿತು. ದಾಕ್ಷಾಯಣಿ ಅಂಥ ಅಳುವನ್ನು ಕೇಳಿರಲಿಲ್ಲ. ಬಿದ್ದು ಮಂಡಿ ಒಡೆದಾಗಿನ ಅಳುವಲ್ಲ, ಹಠದ್ದಲ್ಲ. ಸದ್ದು ಕಡಿಮೆ. ಹತ್ತು, ಇಪ್ಪತ್ತು, ಮೂವತ್ತು. ಕತ್ತೆ ಏನೂ ಹೇಳದೆ ಪಕ್ಕದಲ್ಲಿ ಕುಳಿತಿತ್ತು. ನಲವತ್ತು ದಾಟಿದರೂ ವಾಕ್ಯ ಬರಲಿಲ್ಲ; ಪರೀಕ್ಷೆಯ ಮೊದಲ ಸುತ್ತಿನಲ್ಲಿ ತಂಪು ವಾಕ್ಯವನ್ನು ತಡೆಹಿಡಿದಿದ್ದರು. ಐವತ್ತೆರಡಕ್ಕೆ ಗೆರೆ ಬಾಗಿತು. ಬಾಗಿ, ಹಸಿರಿಗೆ ಬಂದು, ಅಲ್ಲಿಗೂ ನಿಲ್ಲದೆ ಇಳಿದು, ಅವಳು ಹತ್ತು ವರ್ಷದಲ್ಲಿ ಯಾವ ಮಗುವಿನದೂ ನೋಡಿರದಷ್ಟು ಕೆಳಗೆ ಹೋಗಿ ನಿದ್ದೆ ಮಾಡುವವರ ಗೆರೆಯಂತೆ ಹರಿಯಿತು.

ದಾಕ್ಷಾಯಣಿ ಎದ್ದು ಬಾಗಿಲವರೆಗೆ ಹೋದಳು. ಹೋಗಿ ಏನು ಮಾಡುವುದು? ಕತ್ತೆಯ ಪಕ್ಕ ಸಮಾಧಾನವಾಗಿ ಕುಳಿತ ಮಗುವನ್ನು ಎಬ್ಬಿಸಿ, ಇನ್ನೊಂದು ಸಲ ನನ್ನ ಹತ್ತಿರ ಅಳು ಎನ್ನುವುದೇ? ವಾಪಸು ಬಂದು ಕುಳಿತಳು. ಎರಡು ವರ್ಷ ಕಾದಿಟ್ಟದ್ದನ್ನು ಉದ್ದ ಕಿವಿಯ, ಬೂದು ಬಣ್ಣದ, ಇಲ್ಲದ ಪ್ರಾಣಿಯೊಂದು ಹತ್ತು ನಿಮಿಷದಲ್ಲಿ ತಿಂದು ಮುಗಿಸಿತ್ತು. ಹುಲ್ಲು ತಿಂದಷ್ಟು ಸಲೀಸಾಗಿ.

ಮನೆಯಲ್ಲಿ ಇಂಚರಾ ಎರಡು ರೊಟ್ಟಿ ತಿಂದಳು. ಬದನೇಕಾಯಿ ಇನ್ನಷ್ಟು ಬೇಕೆಂದಳು. ದಾಕ್ಷಾಯಣಿ ಕಾದಳು. ಈಗ ಹೇಳುತ್ತಾಳೆ, ಕೈ ತೊಳೆದ ಮೇಲೆ ಹೇಳುತ್ತಾಳೆ.

"ಸಿನಿಮಾ ಹೆಂಗಿತ್ತ?"

"ಚಲೋ ಇತ್ತು."

"ಏನೇನಾತು ಅದರಾಗ?"

"ಒಂದು ಕತ್ತೆ ಇತ್ತು."

"ಕತ್ತೆ ಏನಂತು?"

ಇಂಚರಾ ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸಿದಳು. "ನಿನಗ ಹೇಳಂಗಿಲ್ಲ."

"ಯಾಕವ್ವ?"

"ನಿನಗ ಬ್ಯಾಸರಾಕ್ಕೈತಿ. ಮಾರಿ ಒಂಥರಾ ಮಾಡ್ಕೋತಿ. ಬೂದ್ಯಾ ಹಂಗ ಮಾಡಂಗಿಲ್ಲ."

ಮರುದಿನ ಕನ್ನಡ ನೋಟುಬುಕ್ಕಿನ ಹಿಂದೆ ಕತ್ತೆಯ ಚಿತ್ರ ಬಂತು. ಅದರ ಮರುದಿನ ಸ್ನಾನದ ಮನೆಯಿಂದ ಪಿಸುಮಾತು ಕೇಳಿತು. ದಾಕ್ಷಾಯಣಿ ಬಾಗಿಲಿಗೆ ಕಿವಿಯಿಟ್ಟಳು. ಮಗಳು ಬೂದ್ಯಾನ ಜೊತೆ ಶಾಲೆಯ ಸುದ್ದಿ ಮಾತಾಡುತ್ತಿದ್ದಳು. ಉತ್ತರವನ್ನೂ ತಾನೇ ದಪ್ಪ ದನಿಯಲ್ಲಿ ಹೇಳಿಕೊಳ್ಳುತ್ತಿದ್ದಳು. ಮೂವತ್ತೆಂಟು ವರ್ಷದ ಹೆಂಗಸು, ಕೈಯಲ್ಲಿ ಟವೆಲು ಹಿಡಿದು, ಬಚ್ಚಲ ಬಾಗಿಲಿಗೆ ಅಂಟಿ ನಿಂತು ಒಂದು ಕತ್ತೆಗೆ ಹೊಟ್ಟೆ ಉರಿಸಿಕೊಂಡಳು. ನಾಚಿಕೆಯಾಯಿತು. ಉರಿ ಆರಲಿಲ್ಲ.

ಉಳಿದ ಹನ್ನೊಂದು ಗೆರೆಗಳೂ ನಲವತ್ತರೊಳಗೇ ಇಳಿದಿದ್ದವು. ವರದಿ ಬರೆಯುವಾಗ ಅವಳು ಒಂಬತ್ತನೆಯ ಕುರ್ಚಿಯನ್ನು ಬಿಡಬಹುದಿತ್ತು. ಬಿಡಲಿಲ್ಲ. 'ಒಂಬತ್ತನೆಯ ಕುರ್ಚಿ, ಐವತ್ತೆರಡು ಸೆಕೆಂಡು. ಹತ್ತು ನಿಮಿಷದ ಬಿಡುವನ್ನು ತೆಗೆದು ತಂಪು ವಾಕ್ಯ ಸೇರಿಸತಕ್ಕದ್ದು' ಎಂದು ಬರೆದು ಸಹಿ ಹಾಕಿದಳು. ಒಂದಕ್ಷರವೂ ಸುಳ್ಳಲ್ಲ.

ಫರ್ಹಾನಾ ಕಾಗದ ಹಿಡಿದುಕೊಂಡೇ ಬಂದಳು. "ಅಕ್ಕಾರ, ಆ ಕುರ್ಚ್ಯಾಗ ಯಾರು ಕುಂತಿದ್ರು ಅಂತ ನನಗೂ ಗೊತ್ತೈತಿ."

"ಯಾರು ಕುಂತ್ರೇನು? ಐವತ್ತೆರಡು ಐವತ್ತೆರಡ."

"ಏರಿದ್ದು ಬರದೀರಿ. ಇಳಿದದ್ದು? ಹನ್ನೆರಡು ಮಂದಿಯೊಳಗ ಎಲ್ಲಾರಕಿಂತ ಕೆಳಗ ಇಳಿದದ್ದು ಅದ ಗೆರಿ. ಅದನ್ನ ಯಾಕ ಬರೀಲಿಲ್ಲ?"

"ಇಳಿದದ್ದು ಬರ್ಯಾಕ ಕಾಲಂ ಇಲ್ಲ."

ಫರ್ಹಾನಾ ಅವಳ ಮುಖವನ್ನೇ ನೋಡಿದಳು. "ನನ್ನ ಮ್ಯಾಲ ಸಿಟ್ಟಿದ್ರ ನನಗ ಬೈರಿ ಅಕ್ಕಾರ. ಕತ್ತೆ ಬಾಯಿ ಯಾಕ ಕಟ್ಟತೀರಿ?"

ದಾಕ್ಷಾಯಣಿ ಕಾಗದವನ್ನು ತೆಗೆದುಕೊಂಡು ಹೊಂಬಾಳಿಯವರ ಮೇಜಿನ ಮೇಲಿಟ್ಟಳು. ಹೊಂಬಾಳಿಯವರು ನಿಯಮ ನೋಡಿದರು, ಸಹಿ ನೋಡಿದರು, ತಿದ್ದಿಸಿದರು.

ತಿದ್ದಿದ ಚಿತ್ರವನ್ನು ಅದೇ ಮಕ್ಕಳಿಗೆ ಒಂದು ವಾರದ ಮೇಲೆ ತೋರಿಸಬೇಕು. ಇಂಚರಾಗೆ ಹುಷಾರಿಲ್ಲವೆಂದು ಒಂದು ಮಾತು ಹೇಳಿದ್ದರೆ ಬೇರೆ ಮಗು ಬರುತ್ತಿತ್ತು. ದಾಕ್ಷಾಯಣಿ ಹೇಳಲಿಲ್ಲ. ಅವಳಿಗೆ ಮಗಳು ಅದನ್ನು ಕೇಳಬೇಕಿತ್ತು. ಕತ್ತೆಯ ಬಾಯಿಂದಲೇ ಕೇಳಬೇಕಿತ್ತು. ನಿನ್ನ ಬೂದ್ಯಾನೂ ನನ್ನಂಥದ್ದೇ, ಹೆಚ್ಚಿನದೇನಲ್ಲ ಎಂದು ತಿಳಿದರೆ ಮಗಳು ಅದನ್ನು ಬಿಟ್ಟು ಬರುತ್ತಾಳೆ. ಬಿಟ್ಟವಳು ಬೇರೆಲ್ಲಿ ಹೋಗುತ್ತಾಳೆ?

ಈ ಸಲ ನಿಯಂತ್ರಣ ಕೋಣೆಯಲ್ಲಿ ಮೂವರೂ ಇದ್ದರು. ಹೊಂಬಾಳಿಯವರು ಚಹಾ ಹಿಡಿದು ನಿಂತಿದ್ದರು. ಫರ್ಹಾನಾ ಗೋಡೆಗೆ ಒರಗಿ ಕೈಕಟ್ಟಿದ್ದಳು. ಒಂಬತ್ತನೆಯ ಪರದೆಯನ್ನು ಯಾರೂ ಬಂದ್ ಮಾಡಲಿಲ್ಲ, ಯಾರೂ ಆ ಮಾತೆತ್ತಲಿಲ್ಲ.

ಮುದುಕ ಒರಗಿದ. ಕತ್ತೆ ಮೂಗಿನಿಂದ ತಳ್ಳಿತು. ತಿರುಗಿ ಆಕಾಶ ನೋಡಿತು. "ಅವರು ದೂರದ ಬೆಟ್ಟಕ್ಕೆ ಬೆಳಕಾಗಿ ಹೋದರು," ಎಂದಿತು. ಹನ್ನೊಂದು ಗೆರೆಗಳು ಪಳಗಿದ ದನಗಳಂತೆ ಒಟ್ಟಿಗೆ ಇಳಿದವು.

ಗಾಜಿನಾಚೆ ಇಂಚರಾ ಕನ್ನಡಕ ಕಿತ್ತು ಕುರ್ಚಿಯ ಮೇಲೆ ಇಟ್ಟಳು. ಎಸೆಯಲಿಲ್ಲ. ನಡೆದು ಬಂದು ಕೋಣೆಯ ಬಾಗಿಲು ತೆಗೆದಳು. ಮಣಿಕಟ್ಟಿನಲ್ಲಿ ಪಟ್ಟಿ ಹಾಗೇ ಇತ್ತು.

"ಅವ್ವ, ಬೂದ್ಯಾಗ ಇದನ್ನ ಯಾರು ಹೇಳಿಕೊಟ್ರು?"

ಹೊಂಬಾಳಿಯವರು ಚಹಾದ ಲೋಟವನ್ನು ಮೇಜಿನ ಮೇಲಿಟ್ಟರು.

"ಇದು ನಿನ್ನ ಮಾತು," ಎಂದಳು ಇಂಚರಾ. "ಅದು ಹಿಂಗ ಅನ್ನೂದಿಲ್ಲ. ನೀನ ಹೇಳಿಕೊಟ್ಟಿ. ಅದಕ್ಕೂ ಸುಳ್ಳು ಹೇಳಾಕ ಕಲಿಸಿದಿ."

ಒಂಬತ್ತನೆಯ ಪರದೆಯಲ್ಲಿ ಗೆರೆ ಕೆಂಪಿನಲ್ಲಿ ನಿಂತಿತ್ತು. ಬದಿಯಲ್ಲಿ ಅಂಕಿಗಳು ಓಡುತ್ತಿದ್ದವು. ಹದಿನೇಳು. ಹದಿನೆಂಟು. ಯಂತ್ರಕ್ಕೆ ಮಗು ಕುರ್ಚಿಯಲ್ಲಿದೆಯೋ ಬಾಗಿಲಲ್ಲಿದೆಯೋ ಗೊತ್ತಾಗುವುದಿಲ್ಲ. ನಲವತ್ತಾದರೆ ಅದು ತನ್ನ ಕೆಲಸ ಮಾಡುತ್ತದೆ; ಕೋಣೆಯ ಸ್ಪೀಕರಿನಿಂದ ಕತ್ತೆಯ ದನಿಯಲ್ಲಿ ಮತ್ತೆ ಆ ಐದು ಪದ ಬರುತ್ತವೆ.

"ಪಟ್ಟಿ ಬಿಚ್ರೀ, ಪಟ್ಟಿ ಬಿಚ್ರೀ," ಎಂದರು ಹೊಂಬಾಳಿಯವರು. ಫರ್ಹಾನಾ ಮುಂದೆ ಬಂದಳು. ಇಂಚರಾ ಕೈಯನ್ನು ಬೆನ್ನ ಹಿಂದೆ ಅಡಗಿಸಿದಳು.

ಇಪ್ಪತ್ತೊಂಬತ್ತು. ಮೂವತ್ತು.

ದಾಕ್ಷಾಯಣಿ ಬಾಯಿ ತೆರೆದಳು. ತೆರೆದ ಬಾಯಿಗೆ ಅದೇ ವಾಕ್ಯ ಬಂತು. ನುಂಗಿದಳು. ಮೂವತ್ತಾರು ಎಂದು ಕಾಣುತ್ತಿದ್ದಾಗ ಯಂತ್ರದ ದೊಡ್ಡ ಗುಂಡಿಯನ್ನು ಅಂಗೈಯಿಂದ ಹೊಡೆದಳು. ಹನ್ನೆರಡೂ ಪರದೆ ಕಪ್ಪಾದವು. ಗಾಜಿನಾಚೆ ಮಕ್ಕಳು ಕನ್ನಡಕ ತೆಗೆದು ಕೂಗಾಡತೊಡಗಿದರು.

"ಅಪ್ಪ ಸತ್ತಾನ," ಎಂದಳು ದಾಕ್ಷಾಯಣಿ. "ಬರಂಗಿಲ್ಲ."

"ಗೊತ್ತೈತಿ. ಬೂದ್ಯಾ ಹೇಳಿತ್ತು."

ಆ ಉತ್ತರ ನೆಟ್ಟಗೆ ಬಂದು ಎದೆಗೆ ತಾಗಿತು. ಇಷ್ಟು ಕಷ್ಟಪಟ್ಟು ಹೇಳಿದರೂ ಎರಡನೆಯವಳೇ.

"ನೀ ಯಾಕ ಹೇಳಲಿಲ್ಲ?" ಎಂದಳು ಇಂಚರಾ.

"ನನಗ ಬರಲಿಲ್ಲ."

"ಬೂದ್ಯಾಗ ಬರ್ತೈತಿ, ನಿನಗ ಬರಂಗಿಲ್ಲ?"

"ಬೂದ್ಯಾಗ ಅಪ್ಪನ ಗುರ್ತಿಲ್ಲ. ಗುರ್ತಿಲ್ಲದವ್ರಿಗೆ ಹೇಳೂದು ಸಸಾರ."

ಇಂಚರಾ ಅದನ್ನು ಯೋಚಿಸಿದಳು. ಅಡಗಿಸಿದ್ದ ಕೈಯನ್ನು ಮುಂದೆ ತಂದಳು. ಫರ್ಹಾನಾ ಪಟ್ಟಿ ಬಿಚ್ಚಿಕೊಂಡಳು.

"ಮತ್ತ ಅಪ್ಪ ಈಗ ಎಲ್ಲದಾನ?"

"ಇಲ್ಲೇ. ಊರಾಗ. ಮಣ್ಣಿನಾಗ."

"ಇಷ್ಟು ಸಮೀಪ?" ಹುಡುಗಿಗೆ ಇದು ಸಾವಿಗಿಂತ ದೊಡ್ಡ ಸುದ್ದಿಯಾಗಿತ್ತು. "ಬಸ್ಸಿನಾಗ ಹೋಗಬಹುದಾ?"

"ಹೋಗಬಹುದು."

"ನಡಿ ಮತ್ತ."

ದಾಕ್ಷಾಯಣಿ ಚೀಲ ಹೆಗಲಿಗೆ ಹಾಕಿಕೊಂಡಳು. ಬಾಗಿಲಲ್ಲಿ ನಿಂತು, ಫರ್ಹಾನಾಳ ಕಡೆ ನೋಡದೆ, "ಒಂಬತ್ತನೇ ಕುರ್ಚಿ ಬಿಟ್ಟು ಹೊಸಾ ವರದಿ ತಯಾರು ಮಾಡು. ನಾಳೆ ಬಂದು ಸಹಿ ಮಾಡ್ತೀನಿ," ಎಂದಳು.

"ಹತ್ತು ನಿಮಿಷದ್ದು ವಾಪಸ್ ಹಾಕ್ಲೇನ್ರಿ?"

"ಹಾಕ್ಕೋ."

"ಇದೇನ್ರಿ ದಾಕ್ಷಾಯಣಿಯವ್ರ, ಒಂದು ವಾರದ ಕೆಲಸ..." ಎಂದು ಹೊಂಬಾಳಿಯವರು ತೊಡಗಿದರು. ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು. ಫರ್ಹಾನಾಳ ಮುಖ ಅರಳಿದ್ದನ್ನು ನೋಡಬಾರದೆಂದೇ ಅವಸರದಿಂದ ಇಳಿದಳು. ಕ್ಷಮಿಸುವಷ್ಟು ದೊಡ್ಡ ಮನಸ್ಸು ಅವಳಿಗೆ ಆ ದಿನ ಬಂದಿರಲಿಲ್ಲ.

ರುದ್ರಭೂಮಿಯ ಗೇಟಿನ ಹತ್ತಿರ ಒಬ್ಬ ಹೂವಿನವಳಿದ್ದಳು. ಇಂಚರಾ ಹೂವು ಬೇಡವೆಂದಳು. ಮಧ್ಯಾಹ್ನದ ಬಿಸಿಲು. ಅಲ್ಲಲ್ಲಿ ಎಕ್ಕದ ಗಿಡ. ದಾಕ್ಷಾಯಣಿ ಎರಡು ಸಲ ದಾರಿ ತಪ್ಪಿ ಮೂರನೆಯ ಸಲ ಕಲ್ಲನ್ನು ಗುರುತಿಸಿದಳು. ಅವಳೂ ವರ್ಷದ ಮೇಲೆ ಬಂದಿರಲಿಲ್ಲ. ಕಲ್ಲಿನ ಮೇಲೆ ಹೆಸರು, ತಾರೀಖು. ಇಂಚರಾ ಅಕ್ಷರ ಕೂಡಿಸಿ ಓದಿದಳು.

"ಎಷ್ಟು ಕೆಳಗದಾನ?"

"ನನ್ನ ಎತ್ತರದಷ್ಟು."

"ಮಲಗ್ಯಾನಾ?"

"ಇಲ್ಲ. ಕುಂತಾನ."

ಇಂಚರಾ ತಾಯಿಯನ್ನು ಅನುಮಾನದಿಂದ ನೋಡಿದಳು. ಮತ್ತೆ ಒಂದು ಸಿನಿಮಾದ ಮಾತೋ ಏನೋ ಎಂಬಂತೆ.

"ಖರೇನ ಕುಂತಾನ. ನಮ್ಮ ಮಂದಿ ಮಲಗಿಸಿ ಹೂಳಂಗಿಲ್ಲ. ಕುಣಿ ತಗದು, ಅದರ ಗ್ವಾಡಿಯೊಳಗ ಒಂದು ಗೂಡು ಕೊರೀತಾರ. ಅದರಾಗ ಕುಂದರಸ್ತಾರ. ವಿಭೂತಿ ಇಡ್ತಾರ. ಆಮ್ಯಾಲ ಮಣ್ಣು."

"ಬೂದ್ಯಾಗ ಇದು ಗೊತ್ತಿರಲಿಲ್ಲ," ಎಂದಳು ಇಂಚರಾ.

ದಾಕ್ಷಾಯಣಿಗೆ ಗೆದ್ದೆನೆನಿಸಿತು. ಗಂಡನ ಮಣ್ಣಿನ ಮುಂದೆ ನಿಂತು ಒಂದು ಕತ್ತೆಯನ್ನು ಸೋಲಿಸಿದ ಖುಷಿ. ಸಣ್ಣತನವೆಂದು ಗೊತ್ತಿತ್ತು. ಗೊತ್ತಿದ್ದೂ ಅದನ್ನು ಪೂರ್ತಿ ಅನುಭವಿಸಿದಳು.

ಇಂಚರಾ ಕಲ್ಲಿನ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. "ಹಿಂಗ?"

"ಬೆನ್ನು ನೆಟ್ಟ ಮಾಡು."

"ಕೈ?"

"ಎಡಗೈ ಹಿಂಗ, ಎದಿ ಮುಂದ. ಅಂಗೈಯಾಗ ಲಿಂಗ ಇರ್ತೈತಿ."

"ಬಲಗೈ?"

ದಾಕ್ಷಾಯಣಿ ನೆನಪು ಮಾಡಿಕೊಳ್ಳಲು ನೋಡಿದಳು. ಕುಣಿಯ ಅಂಚಿನಲ್ಲಿ ಯಾರೋ ಅವಳ ರಟ್ಟೆ ಹಿಡಿದಿದ್ದರು. ಪ್ರಭುವಿನ ಎಡ ಅಂಗೈ ಕಂಡಿತ್ತು. ಹಣೆ ಕಂಡಿತ್ತು. ಬಲಗೈ?

"ನಾ ನೋಡಲಿಲ್ಲ," ಎಂದಳು. ಏನಾದರೂ ಒಂದು ಹೇಳಬಹುದಿತ್ತು. ಹೇಳಲಿಲ್ಲ. "ಅಳಾಕತ್ತಿದ್ದೆ. ಕಾಣಲಿಲ್ಲ."

ಇಂಚರಾ ತಾಯಿಯ ಮುಖ ನೋಡಿದಳು. ಅದು ಒಂಥರಾ ಆಗಿತ್ತು. ಕಣ್ಣೀರು ಗಲ್ಲಕ್ಕೆ ಇಳಿಯುತ್ತಿತ್ತು. ಹುಡುಗಿ ಈ ಸಲ ಬೇರೆ ಕಡೆ ತಿರುಗಲಿಲ್ಲ. ಬಲಗೈಯನ್ನು ಮೊದಲು ತೊಡೆಯ ಮೇಲೆ, ಆಮೇಲೆ ಮಂಡಿಯ ಮೇಲೆ ಇಟ್ಟು ನೋಡಿದಳು. ಮಂಡಿಯೇ ಸರಿಯೆನಿಸಿತೇನೋ, ಅಲ್ಲೇ ಬಿಟ್ಟಳು. ಕಣ್ಣು ಮುಚ್ಚಿದಳು. ಹಾಗೇ ಕುಳಿತಳು.

ದಾಕ್ಷಾಯಣಿ ಸೆರಗಿನಿಂದ ಮುಖ ಒರೆಸಿಕೊಂಡಾಗ ಮಗಳ ಪಾದದ ಮೇಲೆ ಕೆಂಪಿರುವೆಗಳ ಸಾಲು ಕಂಡಿತು.

"ಏಳವ್ವ. ಇರುವಿ ಅದಾವು, ಕಡೀತಾವು."

ಇಂಚರಾ ಕಣ್ಣು ತೆರೆಯಲಿಲ್ಲ. "ಅಪ್ಪಗ ಕಡಿಯಂಗಿಲ್ಲೇನು?"

"ಕಡದ್ರೂ ಗೊತ್ತಾಗಂಗಿಲ್ಲ. ಸತ್ತಾನ."

"ನನಗ ಗೊತ್ತಾಕ್ಕೈತಿ," ಎಂದು ಇಂಚರಾ ಎದ್ದು ನಿಂತು ಕಾಲು ಕೊಡವಿದಳು.